ಲೆನ್ಸ್ ಯಾವುದು ಸಾರ್?

ನಾನೊಂದು ಲೆನ್ಸು. ಯಾವ ಕಂಪನಿಯದು, ಎಷ್ಟು ಎಂ.ಎಂ. ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂದು ಹೇಳುವುದಕ್ಕೇ ಈ ಕಥೆ ಶುರು ಮಾಡಿದ್ದೇನೆ. ಸೌಮ್ಯವಾದ ಕಥೆ ಬೇಕಾದವರು ಹಳೆಯ ಕೊಡೆಯದೋ ಮುರಿದ ಕುರ್ಚಿಯದೋ ಆತ್ಮಕಥೆ ಓದಿಕೊಳ್ಳಲಿ. ಅವುಗಳಿಗೆ ತಾಳ್ಮೆ ಜಾಸ್ತಿ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಮರಳನ್ನು ಕರಗಿಸಿ ಗಾಜು ಮಾಡಿದರು. ಗಾಜನ್ನು ದಿನಗಟ್ಟಲೆ ತಿಕ್ಕಿದರು. ತಿಕ್ಕಿದ ಗಾಜುಗಳನ್ನು ಒಂದರ ಹಿಂದೊಂದು ಲೋಹದ ಕೊಳವೆಯಲ್ಲಿ ಕೂರಿಸಿದರು. ನಡುವೆ ತೆಳುವಾದ ಉಕ್ಕಿನ ಎಸಳುಗಳನ್ನು ಇಟ್ಟರು. ಈ ಎಸಳುಗಳು ಬೆಕ್ಕಿನ ಕಣ್ಣಿನಂತೆ ಹಿಗ್ಗುತ್ತವೆ, ಕುಗ್ಗುತ್ತವೆ. ಅವುಗಳನ್ನು ಆಡಿಸುವುದಕ್ಕೆ ನನ್ನ ಸೊಂಟದಲ್ಲಿ ಒಂದು ಬಳೆಯಿದೆ. ಬಳೆಯ ಮೇಲೆ ಎರಡು, ಎರಡು ಪಾಯಿಂಟ್ ಎಂಟು, ನಾಲ್ಕು ಎಂದು ಇಪ್ಪತ್ತೆರಡರವರೆಗೆ ಅಂಕಿಗಳಿವೆ. ಎರಡಕ್ಕೆ ತಿರುಗಿಸಿದರೆ ಬಾಗಿಲು ಪೂರ್ತಿ ತೆರೆದು ಬೆಳಕು ಧಾರಾಳವಾಗಿ ಬರುತ್ತದೆ. ಇಪ್ಪತ್ತೆರಡಕ್ಕೆ ತಿರುಗಿಸಿದರೆ ಸೂಜಿಯ ಕಣ್ಣಿನಷ್ಟೇ ದಾರಿ. ಇದಕ್ಕೆ ಅಪರ್ಚರ್ ಎನ್ನುತ್ತಾರೆ. ಒಂದು ಅಂಕಿಯಿಂದ ಇನ್ನೊಂದಕ್ಕೆ ಹೋಗುವಾಗ ಬಳೆ 'ಕಟ್' ಎಂದು ಸದ್ದು ಮಾಡುತ್ತದೆ. ಈ 'ಕಟ್' ಅನ್ನು ನೆನಪಿಟ್ಟುಕೊಳ್ಳಿ.

ನನ್ನನ್ನು ಕೊಂಡವನು ಗದಗಿನ ಗುರುಪಾದಪ್ಪ. ಸ್ಟೇಷನ್ ರಸ್ತೆಯಲ್ಲಿ ಅವನ 'ರೂಪಕಲಾ ಫೋಟೋ ಸ್ಟುಡಿಯೋ' ಇತ್ತು. ಮುಂಬೈಗೆ ಹೋಗಿ ನನ್ನನ್ನು ಆರಿಸಿ ತಂದ. ರೈಲಿನಲ್ಲಿ ಯಾರ ಕಣ್ಣಿಗೂ ಬೀಳದಂತೆ ಧೋತರದಲ್ಲಿ ಸುತ್ತಿ, ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಗುರುಪಾದಪ್ಪನ ಕೈ ಒಳ್ಳೆಯದು, ಅದನ್ನು ಇಲ್ಲವೆನ್ನಲಾರೆ. ಆದರೆ ಮನುಷ್ಯ ಜಿಪುಣ. ದುಡ್ಡಿನಲ್ಲಲ್ಲ, ವಿದ್ಯೆಯಲ್ಲಿ. ಪಕ್ಕದ ಊರಿನ ಫೋಟೋಗ್ರಾಫರುಗಳು ಚಹಾಕ್ಕೆಂದು ಬಂದು, ಗೋಡೆಯ ಮೇಲಿನ ಫೋಟೋ ನೋಡಿ, "ಇದಕ್ಕೆ ಎಷ್ಟ ಇಟ್ಟಿದ್ರಿ ಗುರುಪಾದಪ್ಪಾರ?" ಎಂದು ಕೇಳುತ್ತಿದ್ದರು. "ದೇವರ ಇಟ್ಟಂಗ ಇಟ್ಟಿದ್ದೆ," ಎಂದು ಅವನು ಚಹಾದ ಕಪ್ಪು ಮುಂದೆ ದೂಡುತ್ತಿದ್ದ. ನನ್ನ ಬಳೆ ತಿರುಗಿಸುವಾಗ ಅಂಗೈಯಿಂದ ಅಂಕಿಗಳನ್ನು ಮುಚ್ಚಿಕೊಳ್ಳುತ್ತಿದ್ದ.

ಅವನಿಗೆ ಇಬ್ಬರು ಮಕ್ಕಳು. ಹಿರಿಯವಳು ನೀಲಾಂಬಿಕಾ, ಕಿರಿಯವನು ಮಹಾಂತೇಶ. ಕಲಿಸಬೇಕೆಂದು ಅವನು ಕರೆಯುತ್ತಿದ್ದದ್ದು ಮಗನನ್ನು. ಮಗನ ಕಾಲು ಮುನ್ಸಿಪಲ್ ಮೈದಾನದ ಕಡೆಗೇ ಓಡುತ್ತಿತ್ತು. ಮಗಳು ಕರೆಯದಿದ್ದರೂ ಅಲ್ಲೇ ಇರುತ್ತಿದ್ದಳು. ಸರೋವರ, ಹಂಸಗಳ ಚಿತ್ರ ಬರೆದ ದೊಡ್ಡ ಪರದೆಯೊಂದು ಸ್ಟುಡಿಯೋದಲ್ಲಿತ್ತು, ಅದು ಸರಿದಾಡದಂತೆ ಹಿಂದೆ ನಿಂತು ಹಿಡಿದುಕೊಳ್ಳುವುದು ಅವಳ ಕೆಲಸ. ಪರದೆಯ ಹಿಂದೆ ನಿಂತವಳಿಗೆ ಏನೂ ಕಾಣುವುದಿಲ್ಲ. ಆದರೆ ಕೇಳಿಸುತ್ತದೆ. ಅಪ್ಪ ಅಂಕಿ ಮುಚ್ಚಿಕೊಂಡನೇ ಹೊರತು ನನ್ನ ಬಾಯಿ ಮುಚ್ಚಿರಲಿಲ್ಲ. ಕಟ್, ಕಟ್. ಅವಳು ಎಣಿಸುತ್ತಿದ್ದಳು. ಮರುದಿನ ಪ್ರಿಂಟು ಒಣಗಲು ತೂಗುಹಾಕಿದಾಗ ಅದರ ಮುಂದೆ ನಿಂತು, ಎರಡು ಕಟ್ ಅಂದರೆ ಮುಖ ಹೀಗೆ, ನಾಲ್ಕು ಕಟ್ ಅಂದರೆ ಸೀರೆಯ ಅಂಚು ಹೀಗೆ ಎಂದು ತಾಳೆ ನೋಡುತ್ತಿದ್ದಳು. ಅವಳ ಗುರು ನಾನೇ ಎಂದು ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ.

ಒಮ್ಮೆ ಗುರುಪಾದಪ್ಪ ಜ್ವರದಿಂದ ಮಲಗಿದ್ದ. ಒಂದು ಮನೆಯಲ್ಲಿ ಕುಬಸ, ಅಂದರೆ ಬಸುರಿ ಹೆಣ್ಣುಮಗಳಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಫೋಟೋ ಬೇಕೇ ಬೇಕು ಎಂದು ಅವರು ಬಾಗಿಲಲ್ಲಿ ಕೂತರು. ನೀಲಾ ನನ್ನನ್ನು ಕ್ಯಾಮೆರಾ ಸಮೇತ ಹೆಗಲಿಗೆ ಹಾಕಿಕೊಂಡು ಹೋದಳು. ಮೊದಲ ಬಾರಿಗೆ ಒಬ್ಬರು ಅಂಕಿ ನೋಡದೆಯೇ ನನ್ನ ಬಳೆ ತಿರುಗಿಸಿದರು. ಕಣ್ಣು ಆ ಹುಡುಗಿಯ ಮುಖದ ಮೇಲೆ, ಬೆರಳು ನನ್ನ ಸೊಂಟದ ಮೇಲೆ, ಬಾಯಲ್ಲಿ "ಎಷ್ಟನೇ ತಿಂಗಳವಾ? ಹುಳಿ ಬೇಡತೈತೋ ಖಾರ ಬೇಡತೈತೋ?" ಎಂಬ ಮಾತು. ಹುಡುಗಿ ನಕ್ಕಳು. ಕಟ್, ಕಟ್. ಮುಗಿಯಿತು.

ಜ್ವರ ಬಿಟ್ಟ ಮೇಲೆ ಗುರುಪಾದಪ್ಪ ಆ ಫೋಟೋಗಳನ್ನು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಮಗಳಿಗೆ ಹೇಳಿದ ಮಾತು ಇದು: "ಮಹಾಂತೇಶ ದೊಡ್ಡಾವ ಆದಮ್ಯಾಲ ಅವಂಗೂ ಇಷ್ಟ ಹೇಳಿಕೊಡು." ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆದರೆ ಕಣ್ಣೆದುರಿಗೇ ನವಿಲು ಇದ್ದಾಗಲೂ ಹೆಗ್ಗಣವನ್ನೇ ಮುದ್ದಿಸುವವರಿಗೆ ಏನೆನ್ನಬೇಕು? ನನ್ನ ಸಿಟ್ಟು ಹುಟ್ಟಿದ್ದು ಅವತ್ತು.

ನೀಲಾ ಮದುವೆಯಾಗಿ ನರಗುಂದಕ್ಕೆ ಹೋದಳು. ಕೆಲವು ವರ್ಷಗಳ ನಂತರ ಗಂಡ ತೀರಿಕೊಂಡು ತವರಿಗೆ ಮರಳಿದಳು. ಅಷ್ಟರಲ್ಲಿ ಗುರುಪಾದಪ್ಪ ಹಾಸಿಗೆ ಹಿಡಿದಿದ್ದ. ಕೊನೆಯ ದಿನಗಳಲ್ಲಿ ನನ್ನನ್ನು ತರಿಸಿ ಮಗನ ಕೈಗಿಟ್ಟು, "ಇದು ನಿಂದು" ಎಂದ. ನೀಲಾ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಹಾಕುತ್ತಿದ್ದಳು. ಚಮಚ ನಡುಗಲಿಲ್ಲ. ನಡುಗಿದ್ದರೆ ನನಗಾದರೂ ಸಮಾಧಾನ ಆಗುತ್ತಿತ್ತು.

'ನಿಂದು' ಎಂದು ಕೊಟ್ಟದ್ದನ್ನು ಮಹಾಂತೇಶ ಏನು ಮಾಡಿದ? ಕಪಾಟಿನೊಳಗಿಟ್ಟ. ರೀಲಿನ ಕಾಲ ಮುಗಿದಿತ್ತು, ಡಿಜಿಟಲ್ ಕ್ಯಾಮೆರಾ ಬಂದಿತ್ತು, ಅದರ ಮೂತಿಗೆ ಉದ್ದ ಸೊಂಡಿಲಿನ ಹೊಸ ಲೆನ್ಸು ಬಂದಿತ್ತು. ನನಗೆ ಡಾಂಬರು ಗುಳಿಗೆಗಳ ಸಹವಾಸ. ಎಷ್ಟೋ ಮಳೆಗಾಲ ಕಳೆದವು. ನನ್ನ ಗಾಜಿನ ಅಂಚಿಗೆ ಬೂಸ್ಟು ಹಿಡಿಯಿತು. ಕಪಾಟಿನ ಕತ್ತಲಲ್ಲಿ ನಾನು ಎಲ್ಲರನ್ನೂ ಬೈದೆ, ಆ ಡಾಂಬರು ಗುಳಿಗೆಗಳನ್ನೂ ಬಿಡಲಿಲ್ಲ.

ಹೊರಗೆ ತೆಗೆದವಳು ನೀಲಾ. ಹುಬ್ಬಳ್ಳಿಯ ರಿಪೇರಿಯವನ ಹತ್ತಿರ ಒಯ್ದು ಬೂಸ್ಟು ಒರೆಸಿದಳು. ಹೊಸ ಕ್ಯಾಮೆರಾ ಬೇರೆ ಕುಲದ್ದು, ನನಗೂ ಅದಕ್ಕೂ ಕೂಡುವುದಿಲ್ಲ. ನಡುವೆ ಒಂದು ಹಿತ್ತಾಳೆಯ ಉಂಗುರ ಹಾಕಿಸಿ ಸಂಬಂಧ ಕೂಡಿಸಿದಳು. ಆದರೂ ಒಂದು ಕೊರತೆ ಉಳಿಯಿತು. ಹೊಸ ಲೆನ್ಸುಗಳ ಬೆನ್ನಲ್ಲಿ ಚಿಪ್ ಇರುತ್ತದೆ. ಅವು ಕ್ಯಾಮೆರಾದ ಕಿವಿಯಲ್ಲಿ ತಮ್ಮ ಹೆಸರು, ಅಪರ್ಚರ್ ಎಲ್ಲ ಪಿಸುಗುಡುತ್ತವೆ, ಕ್ಯಾಮೆರಾ ಅದನ್ನು ಫೋಟೋದ ಜೊತೆಗೇ ಬರೆದಿಡುತ್ತದೆ. ನಾನು ಹಳೆಯ ಕಾಲದವನು, ನನಗೆ ಪಿಸುಮಾತು ಬರುವುದಿಲ್ಲ. ಅದರಿಂದ ನಾನು ಹಿಡಿದ ಪ್ರತಿ ಫೋಟೋದಲ್ಲೂ ಶಟರಿನ ವೇಗ, ಬೆಳಕು ಹೀರುವ ಶಕ್ತಿಯ ಅಂಕಿಯಾದ ಐಎಸ್‌ಒ ಎಲ್ಲ ಸರಿಯಾಗಿ ಬರುತ್ತಿತ್ತು, ಲೆನ್ಸಿನ ಜಾಗದಲ್ಲಿ ಸೊನ್ನೆ, ಅಪರ್ಚರಿನ ಜಾಗದಲ್ಲಿ ಸೊನ್ನೆ.

ಸ್ಟುಡಿಯೋದ ಕೆಲಸ ತಾನಾಗಿಯೇ ಹಂಚಿಹೋಯಿತು. ಮಹಾಂತೇಶ ಗಲ್ಲಾದಲ್ಲಿ ಕೂತು, ಕಂಪ್ಯೂಟರು, ಆಲ್ಬಂ, ಗಿರಾಕಿಗಳ ಫೋನು ನೋಡಿಕೊಂಡ. ಕುಬಸ, ತೊಟ್ಟಿಲು, ಮನೆಯೊಳಗಿನ ಹೆಣ್ಣುಮಕ್ಕಳ ಕಾರ್ಯ ಎಂದರೆ ನೀಲಾ ಹೋದಳು. ಅವಳು ಒಬ್ಬಳೇ ಹೋಗಿ ಬರುತ್ತಿದ್ದಳು, ಕ್ಯಾಮೆರಾದ ಮೆಮೊರಿ ಕಾರ್ಡು ತಂದು ತಮ್ಮನ ಮುಂದಿಟ್ಟು ಒಳಗೆ ರೊಟ್ಟಿ ತಟ್ಟಲು ಹೋಗುತ್ತಿದ್ದಳು. ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ.

ಮಹಾಂತೇಶ ಆನ್‌ಲೈನಿನಲ್ಲಿ ಒಂದು ಪೇಜು ಮಾಡಿದ. 'ಮಹಾಂತೇಶ್ ಕ್ಲಿಕ್ಸ್.' ನೀಲಾ ತೆಗೆದ ಪ್ರತಿ ಫೋಟೋದ ಮೂಲೆಯಲ್ಲೂ ಈ ಹೆಸರು ಬಿಳಿ ಅಕ್ಷರದಲ್ಲಿ ಕೂತಿತು. ಆಮೇಲೆ 'ಬೆಳಕು ಬಳಗ' ಎಂಬ ಗುಂಪಿಗೆ ಸೇರಿದ. ಸಾವಿರಾರು ಫೋಟೋಗ್ರಾಫರುಗಳಿರುವ ಆ ಗುಂಪಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಫೋಟೋದ ಕೆಳಗೆ ಕ್ಯಾಮೆರಾ, ಲೆನ್ಸ್, ಅಪರ್ಚರ್, ಶಟರ್, ಐಎಸ್‌ಒ ಎಲ್ಲ ಬರೆಯಲೇಬೇಕು. ಬರೆಯದಿದ್ದರೆ ಅಡ್ಮಿನ್ ತೆಗೆದುಹಾಕುತ್ತಾನೆ. ನೋಡಿ ಕಲಿಯುವವರಿಗೆ ಉಪಕಾರವಾಗಲಿ ಎಂಬ ಒಳ್ಳೆಯ ಉದ್ದೇಶ. ಗುರುಪಾದಪ್ಪನ ಮುಚ್ಚಿದ ಅಂಗೈ ಕಂಡಿದ್ದ ನನಗೆ ಮೊದಲು ಸಂತೋಷವೇ ಆಗಿತ್ತು.

ಆದರೆ ನನ್ನ ಜಾಗದಲ್ಲಿ ಸೊನ್ನೆಯಲ್ಲವೇ? ಮಹಾಂತೇಶನಿಗೆ ಅಂಕಿ ಎಲ್ಲಿಂದ ಬರಬೇಕು? ಅಡುಗೆಮನೆಯ ಕಡೆಗೆ ಕೂಗುತ್ತಿದ್ದ.

"ಅಕ್ಕಾ, ತೊಟ್ಟಿಲದ ಫೋಟೋಕ್ಕ ಎಷ್ಟ ಇಟ್ಟಿದ್ದಿ?"

"ಎರಡು ಕಟ್."

"ಅಂದ್ರ?"

"ನಾಕೋ ಮಾರಾಯಾ, ನಾಕು. ಅಪ್ಪನ ಮಗಾ ಆಗಿ ಅಷ್ಟೂ ಗೊತ್ತಿಲ್ಲೇನ?"

ಅವನು ನಗುತ್ತ 'ಅಪರ್ಚರ್ ನಾಲ್ಕು' ಎಂದು ಬರೆಯುತ್ತಿದ್ದ. ಅವಳೂ ನಗುತ್ತಿದ್ದಳು. ತಮ್ಮ ಅಲ್ಲವೇ, ಅವನ ಹೆಸರು ಬಂದರೆ ಮನೆಯ ಹೆಸರೇ ಎಂದುಕೊಂಡಿದ್ದಳು. ನಾನು ನಗಲಿಲ್ಲ.

ಕೆಳಗೆ ಬರುತ್ತಿದ್ದ ಕಮೆಂಟುಗಳನ್ನು ನೋಡಬೇಕಿತ್ತು. "ಸಾರ್, ಲೆನ್ಸ್ ಯಾವುದು ಸಾರ್?" "ಈ ಲೆನ್ಸ್ ಈಗ ಎಲ್ಲಿ ಸಿಗುತ್ತೆ ಸಾರ್?" "ಹಿಂದೆ ಮಸುಕಾಗಿರೋದು ಲೆನ್ಸಿಂದಾನಾ, ಆಮೇಲೆ ಮಾಡಿದ್ದಾ ಸಾರ್?" ಬರೆದದ್ದನ್ನೇ ಮತ್ತೆ ಕೇಳುವವರು, ಓದದೆ ಕೇಳುವವರು. ತೊಟ್ಟಿಲಲ್ಲಿದ್ದ ಕೂಸು ಯಾರದು ಎಂದು ಒಬ್ಬರೂ ಕೇಳಲಿಲ್ಲ. ಅದಕ್ಕೆ ಏನು ಹೆಸರಿಟ್ಟರು ಎಂದು ಕೇಳಲಿಲ್ಲ. ತೆಗೆದವರ ಕೈ ಯಾವುದು ಎಂದಂತೂ ಕೇಳಲೇ ಇಲ್ಲ. ಅವರು ಹೊಗಳಿದ್ದೆಲ್ಲ ನನ್ನನ್ನು. ನನಗೆ ಹೊಗಳಿಕೆ ಕಹಿ ಎಂದಲ್ಲ. ಆದರೆ ಅವಳು ಕೈಯಿಡದಿದ್ದರೆ ನಾನು ಬೂಸ್ಟು ಹಿಡಿದ ಗಾಜು. ಇಷ್ಟು ಸಣ್ಣ ಮಾತು ಸಾವಿರಾರು ಜನರಲ್ಲಿ ಒಬ್ಬನಿಗೂ ಹೊಳೆಯಬಾರದೇ?

ಒಮ್ಮೆ ನೀಲಾ ಮನೆಯಲ್ಲಿರಲಿಲ್ಲ, ಮಠಕ್ಕೆ ಹೋಗಿದ್ದಳು. ಮಹಾಂತೇಶನಿಗೆ ಫೋಟೋ ಹಾಕುವ ಆತುರ. ಮನಸ್ಸಿಗೆ ಬಂದ ಅಂಕಿ ಬರೆದ: ಒಂದು ಪಾಯಿಂಟ್ ನಾಲ್ಕು. ಅಯ್ಯಾ, ನನ್ನ ಬಳೆ ಶುರುವಾಗುವುದೇ ಎರಡರಿಂದ! ಆ ಅಂಕಿ ನನ್ನ ಮೈಮೇಲೆ ಎಲ್ಲೂ ಇಲ್ಲ. ಆದರೂ ಎಂದಿಗಿಂತ ಹೆಚ್ಚು ಜನ ಚಪ್ಪಾಳೆ ಹೊಡೆದರು. "ಒಂದು ಪಾಯಿಂಟ್ ನಾಲ್ಕರ ಮಜಾನೇ ಬೇರೆ ಸಾರ್," ಎಂದು ಒಬ್ಬ ಬರೆದಿದ್ದ. ಇಲ್ಲದ ಅಂಕಿಯ ಮಜಾ ಕಂಡ ಮಹಾನುಭಾವ ಅವನು.

ಇನ್ನು ಆ ಫೋಟೋದ ವಿಷಯ.

ಬೆಟಗೇರಿಯಲ್ಲಿ ಫಕೀರವ್ವ ಎಂಬ ಅಜ್ಜಿ ಇದ್ದಾಳೆ. ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಾಳೆ. ನೀಲಾ ಒಂದು ಕೌದಿ ಹೊಲಿಸಲು ಹಳೆಯ ಸೀರೆಗಳನ್ನು ಕೊಟ್ಟಿದ್ದಳು, ಹೋದಾಗಲೆಲ್ಲ ನನ್ನನ್ನೂ ಒಯ್ಯುತ್ತಿದ್ದಳು. ಹೋದ ಕೂಡಲೇ ಕ್ಯಾಮೆರಾ ತೆಗೆಯುವವಳಲ್ಲ ಅವಳು. ಹೊಸ್ತಿಲ ಮೇಲೆ ಕೂತು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಳು, ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು, ಮಾತಾಡುತ್ತಿದ್ದಳು. ನಾನು ಚೀಲದಲ್ಲಿ ಕಾಯುತ್ತಿದ್ದೆ. ಹಲವು ಸಲ ನನ್ನನ್ನು ಹೊರಗೇ ತೆಗೆಯದೆ ವಾಪಸು ಬಂದದ್ದೂ ಉಂಟು.

ಅವತ್ತು ಮಧ್ಯಾಹ್ನ ಅಜ್ಜಿ ಟ್ರಂಕಿನಿಂದ ಒಂದು ಹಸಿರು ಸೀರೆ ತೆಗೆದಳು. ತೀರಿಕೊಂಡ ಮಗಳು ಗಂಗವ್ವನ ಕುಬಸದ ಸೀರೆ. ಇಷ್ಟು ವರ್ಷ ಮಡಿಕೆ ಬಿಚ್ಚದೆ ಇಟ್ಟಿದ್ದಳು. ಮೊಮ್ಮಗಳಿಗೆ ಒಂದು ಕೌದಿ ಹೊಲಿಯಬೇಕು, ಅದರಲ್ಲಿ ಅವರವ್ವನ ಸೀರೆಯ ತುಂಡು ಇರಬೇಕು ಎಂದು ಅವಳ ಆಸೆ. ಚಾಪೆಯ ಮೇಲೆ ಸೀರೆ ಹಾಸಿದಳು. ಕತ್ತರಿ ತೆಗೆದುಕೊಂಡಳು. ಕತ್ತರಿಯ ಬಾಯಿ ಸೀರೆಯ ಅಂಚಿಗೆ ತಂದಳು. ಅಲ್ಲೇ ನಿಂತಳು. ನೀಲಾ ಯಾವಾಗ ನನ್ನನ್ನು ತೆಗೆದಳೋ ನನಗೇ ತಿಳಿಯಲಿಲ್ಲ. ಬಾಗಿಲ ಬೆಳಕು ಅಜ್ಜಿಯ ಅರ್ಧ ಮುಖದ ಮೇಲೆ ಬಿದ್ದಿತ್ತು. ಕಟ್, ಕಟ್. ಅಜ್ಜಿ ತಲೆಯೆತ್ತಿದಳು.

"ಕತ್ತರಸ್ಲೇನವಾ?"

ಆ ಪ್ರಶ್ನೆ ಕೇಳಿದ ಮುಖವನ್ನು ನಾನು ಹಿಡಿದೆ. ಹಿಡಿದದ್ದೇ ತಡ, ನೀಲಾ ನನ್ನನ್ನು ಚಾಪೆಯ ಮೇಲಿಟ್ಟು ಅಜ್ಜಿಯ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು. ಆಮೇಲೆ ಅಜ್ಜಿ ಕತ್ತರಿಸಿದಳು. ನನ್ನ ಇಡೀ ಆಯುಷ್ಯದಲ್ಲಿ ಅಂಥ ಮುಖ ಇನ್ನೊಂದು ಕಂಡಿಲ್ಲ.

ಆ ಫೋಟೋ 'ಬೆಳಕು ಬಳಗ'ಕ್ಕೆ ಹೋಯಿತು. ಮೂಲೆಯಲ್ಲಿ 'ಮಹಾಂತೇಶ್ ಕ್ಲಿಕ್ಸ್', ಕೆಳಗೆ ಅಂಕಿಗಳು. ಜನ ಮುಗಿಬಿದ್ದರು. "ಚರ್ಮದ ಗೆರೆಗಳು ಎಷ್ಟು ಶಾರ್ಪ್ ಸಾರ್, ಲೆನ್ಸ್ ಯಾವುದು?" "ಕಣ್ಣಿನ ಮೇಲೆ ಫೋಕಸ್ ಸೂಪರ್, ಸೆಟ್ಟಿಂಗ್ಸಿಗೆ ಧನ್ಯವಾದ." ಅಜ್ಜಿಯ ಕೈಯಲ್ಲಿ ಕತ್ತರಿ ಯಾಕಿದೆ, ಸೀರೆಯ ಮುಂದೆ ಅದು ಯಾಕೆ ನಿಂತಿದೆ ಎಂದು ಕೇಳಿದವರು ಇಲ್ಲ. ಚರ್ಮದ ಗೆರೆ ಎಣಿಸಿದರಂತೆ! ಅವರ ಕಣ್ಣಿಗೆ ಹಿಡಿದ ಬೂಸ್ಟನ್ನು ಒರೆಸುವವರು ಹುಬ್ಬಳ್ಳಿಯಲ್ಲೂ ಇರಲಿಕ್ಕಿಲ್ಲ.

ಆ ವರ್ಷದ ಅತ್ಯುತ್ತಮ ಫೋಟೋ ಎಂದು ಅದನ್ನೇ ಆರಿಸಿದರು. ಹುಬ್ಬಳ್ಳಿಯಲ್ಲಿ ಪ್ರದರ್ಶನ, ಸನ್ಮಾನ, ಜೊತೆಗೆ ಕಾರ್ಯಾಗಾರ. ಈ ಸುದ್ದಿ ಬಂದ ದಿನ ನೀಲಾ ಮೊದಲ ಸಲ ಬಾಯಿಬಿಟ್ಟು ಕೇಳಿದಳು.

"ತಮ್ಮಾ, ಬ್ಯಾರೆ ಯಾವದಕ್ಕೂ ಕೇಳಿಲ್ಲ. ಈ ಒಂದಕ್ಕ ನನ್ನ ಹೆಸರ ಹಾಕಪಾ."

"ಅಷ್ಟ ಹೌದಲ್ಲ ಅಕ್ಕಾ? ಈಗ ಹಾಕ್ತೀನಿ," ಎಂದ ಮಹಾಂತೇಶ. ಹಾಕಿಯೂ ಹಾಕಿದ. ನೀಲಾ ಕೈಯೊರೆಸಿಕೊಂಡು ಬಂದು ಫೋನು ನೋಡಿದಳು. ಮೇಲೆ ಕ್ಯಾಮೆರಾದ ಹೆಸರು. ಅದರ ಕೆಳಗೆ ನನ್ನ ಹೆಸರು. ಆಮೇಲೆ ಅಪರ್ಚರ್, ಶಟರ್, ಐಎಸ್‌ಒ. ಆಮೇಲೆ 'ಸ್ಟ್ಯಾಂಡ್: ಬಳಸಿಲ್ಲ.' ಅದರ ಕೆಳಗೆ, ಎಲ್ಲಕ್ಕಿಂತ ಕೊನೆಗೆ, 'ಸಹಾಯ: ಅಕ್ಕ.'

ನನಗೆ ಆವತ್ತು ಬಂದ ಸಿಟ್ಟಿಗೆ ಗಾಜು ಯಾಕೆ ಸೀಳಲಿಲ್ಲವೋ ಕಾಣೆ. ನನ್ನ ಹೆಸರು ಮೇಲೆ, ನನ್ನನ್ನು ಹಿಡಿದವಳು ಬಳಸದೇ ಇದ್ದ ಸ್ಟ್ಯಾಂಡಿಗಿಂತ ಕೆಳಗೆ!

"ಅಕ್ಕ ಅನ್ನೂದು ಹೆಸರೇನೋ?" ಎಂದಳು ನೀಲಾ.

"ಗ್ರೂಪಿನ ಪದ್ಧತಿ ಹಂಗೈತಿ ಅಕ್ಕಾ. ಅದರಾಗ ತಗದವರ ಹೆಸರಿಗೆ ಜಾಗಾನ ಇಲ್ಲ. ಹಾಕಿದಾವನ ತಗದಾವ ಅಂತ ಲೆಕ್ಕ. ಈಗ ಬದಲ ಮಾಡಿದ್ರ ಬಹುಮಾನನ ಹೊಕ್ಕತಿ. ಸ್ಟುಡಿಯೋ ನಮ್ದ ಅಲ್ಲೇನ? ಅಪ್ಪ ಕೊಟ್ಟ ಲೆನ್ಸ್ ಅದು."

"ಅಪ್ಪ ನಿನಗ ಕೊಟ್ಟ ಲೆನ್ಸ್," ಎಂದಳು ಅವಳು. ಒಳಗೆ ಹೋದಳು. ಅವತ್ತಿನ ರೊಟ್ಟಿಯ ಬಡಿತ ಬೀದಿಯ ತನಕ ಕೇಳಿಸಿತು.

ಕಾರ್ಯಾಗಾರಕ್ಕೆ ಅಡ್ಮಿನ್ ದೇಸಾಯರು ಒಂದು ಹೊಸ ಉಪಾಯ ಹುಡುಕಿದ್ದರು. ಅದೇ ಅಜ್ಜಿಯನ್ನು ವೇದಿಕೆಯ ಮೇಲೆ ಕೂರಿಸುವುದು, ಅದೇ ಲೆನ್ಸಿನಿಂದ ಮಹಾಂತೇಶ ಅದೇ ಸೆಟ್ಟಿಂಗಿನಲ್ಲಿ ಫೋಟೋ ತೆಗೆಯುವುದು, ಉಳಿದವರೆಲ್ಲ ತಮ್ಮ ತಮ್ಮ ಕ್ಯಾಮೆರಾದಲ್ಲಿ ಅದೇ ಅಂಕಿಗಳನ್ನಿಟ್ಟು ತೆಗೆಯುವುದು. ಆದರೆ ಅಜ್ಜಿ ಪರಿಚಯವಿಲ್ಲದವರ ಜೊತೆ ಗಾಡಿ ಹತ್ತುವವಳಲ್ಲ. "ನೀಲಾ ಬಂದ್ರ ಬರ್ತೀನಿ," ಎಂದಳು. ಹಾಗಾಗಿ ಮಹಾಂತೇಶ ಅಕ್ಕನನ್ನೂ ಕರೆದೊಯ್ಯಬೇಕಾಯಿತು. ನೀಲಾ ಯಾಕೆ ಒಪ್ಪಿದಳೋ! ನಾನಾಗಿದ್ದರೆ ಕಾಲು ಬಂದಿದ್ದರೂ ಹೋಗುತ್ತಿರಲಿಲ್ಲ. ಗೋಡೆಯ ಮೇಲೆ ದೊಡ್ಡದಾಗಿ ತೂಗುಹಾಕಿದ ಆ ಮುಖವನ್ನು ಒಮ್ಮೆ ನೋಡಬೇಕೆಂದು ಅವಳಿಗೆ ಆಸೆಯಿತ್ತೆಂದು ಕಾಣುತ್ತದೆ.

ಹಾಲ್ ತುಂಬಿತ್ತು. ನೀಲಾ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಕೊನೆಯ ಸಾಲಿಗೆ ಹೋಗಿ ಚೀಲ ಹಿಡಿದುಕೊಂಡು ಕೂತಳು. ಅಜ್ಜಿಯ ಕೈಗೆ ಒಂದು ಕತ್ತರಿ ಕೊಟ್ಟರು, ಮುಂದೆ ಯಾವುದೋ ಅಂಗಡಿಯಿಂದ ತಂದ ಹೊಸ ಹಸಿರು ಸೀರೆ ಹಾಸಿದರು. ಅಜ್ಜಿ ಆ ಸೀರೆಯನ್ನು ನೋಡಿ ಮುಖ ತಿರುಗಿಸಿದಳು.

"ಎಲ್ಲಾರೂ ನಂಬರ್ ಇಟ್ಕೋರಿ," ಎಂದರು ದೇಸಾಯರು. ಎಲ್ಲರೂ ಇಟ್ಟುಕೊಂಡರು. ಮಹಾಂತೇಶ ನನ್ನ ಬಳೆಯನ್ನು ಕಣ್ಣು ಕಿರಿದು ಮಾಡಿ ನೋಡಿ ನಾಲ್ಕಕ್ಕೆ ತಿರುಗಿಸಿದ. ಕ್ಲಿಕ್ ಎಂದಿತು. ಹಾಲಿನ ತುಂಬ ಕ್ಲಿಕ್ ಕ್ಲಿಕ್ ಎಂದವು.

ಎಲ್ಲರ ಫೋಟೋನೂ ಕಪ್ಪು. ಇದ್ದಿಲಿನ ಮೂಟೆ ಬಿಚ್ಚಿದಂತೆ. ಆ ಅಂಕಿಗಳು ಬೆಟಗೇರಿಯ ಒಂದು ಬಾಗಿಲಿನ ಮಧ್ಯಾಹ್ನದ ಬೆಳಕಿಗೆ ಹೊಂದಿಸಿದಂಥವು. ಈ ಮಬ್ಬು ಹಾಲಿಗೂ ಅವಕ್ಕೂ ಏನು ಸಂಬಂಧ? ಪಕ್ಕದ ಮನೆಯವನಿಗೆ ವೈದ್ಯರು ಬರೆದ ಔಷಧವನ್ನು ತಾನು ನುಂಗಿದಂತಾಯಿತು. "ಲೈಟಿಂಗ್ ಸರಿ ಇಲ್ರೀ ಇಲ್ಲಿ," ಎಂದ ಮಹಾಂತೇಶ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮುಂದಿನ ಸಾಲಿನವರು ಐಎಸ್‌ಒ ಏರಿಸಿದರು. ಆಗ ಚಿತ್ರ ಬಂತು, ಮುಖ ಬರಲಿಲ್ಲ. ಆಧಾರ್ ಕಾರ್ಡಿಗೆ ಕೂತವಳಂತೆ ಅಜ್ಜಿ ನೆಟ್ಟಗೆ ಕೂತಿದ್ದಳು.

ಮಹಾಂತೇಶ ಬೆವರು ಒರೆಸಿಕೊಂಡ. "ಅಜ್ಜೀ, ಹಂಗಲ್ಲ. ಅವತ್ತ ನೋಡಿದಿಯಲ್ಲ, ಹಂಗ ನೋಡು."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅವತ್ತ ನೀ ಎಲ್ಲಿದ್ದೆಪಾ?"

ಮಹಾಂತೇಶ ನಗಲು ಪ್ರಯತ್ನಿಸಿದ. "ಅಜ್ಜಿಗೆ ವಯಸ್ಸಾಗೇತ್ರಿ, ನೆನಪ ಇಲ್ಲ..."

"ವಯಸ್ಸಾಗೇತಿ, ಕಣ್ಣ ಹೋಗಿಲ್ಲ," ಎಂದಳು ಫಕೀರವ್ವ. "ಈ ಕಣ್ಣೀಲೆ ಇನ್ನೂ ಸೂಜೀಗೆ ದಾರ ಪೋಣಸ್ತೀನಿ. ನನ್ನ ಮುಂದ ಹೊಸ್ತಲದಾಗ ಕುಂತಾಕಿ ಆಕಿ. ನನ್ನ ಮಗಳ ಸುದ್ದಿ ಕೇಳಿ ನನ್ನ ಕೂಡ ಅತ್ತಾಕಿ ಆಕಿ. ಫೋಟೋ ತಗದಾಕಿ ಆಕಿ, ಅಗಾ, ಅಲ್ಲಿ ಕಡೀಕ ಕುಂತಾಳಲ್ಲ. ಆಕೀನ್ಯಾಕ ಹಿಂದ ಕುಂದರ್ಸೀರಿ? ನಿನ್ನ ನಾ ಇವತ್ತ ಗಾಡ್ಯಾಗ ನೋಡಿದ್ದು."

ಎಲ್ಲರೂ ಹಿಂತಿರುಗಿ ನೋಡಿದರು. ಅಷ್ಟು ಕ್ಯಾಮೆರಾಗಳ ನಡುವೆ ಒಬ್ಬರೂ ಕ್ಯಾಮೆರಾ ಎತ್ತಲಿಲ್ಲ. ಆಗ ನಡುವಿನ ಸಾಲಿನಿಂದ ಒಬ್ಬ ಎ‌ದ್ದು ನಿಂತ. ಅವನ ಮುಖದಲ್ಲಿ ಮರ್ಯಾದೆಯೂ ಇತ್ತು, ಕುತೂಹಲವೂ ಇತ್ತು.

"ಮೇಡಂ, ಹಂಗಾದ್ರ ಅವತ್ತ ಖರೇ ಸೆಟ್ಟಿಂಗ್ಸ್ ಏನಿತ್ತರಿ?"

ಇಷ್ಟಾದ ಮೇಲೂ! ಆ ಕ್ಷಣದಲ್ಲಿ ನನಗೆ ಕೈ ಇದ್ದಿದ್ದರೆ ಕಥೆ ಪೊಲೀಸ್ ಸ್ಟೇಷನ್ನಿನಲ್ಲಿ ಮುಗಿಯುತ್ತಿತ್ತು.

ನೀಲಾ ಎದ್ದು ಮುಂದೆ ಬಂದಳು. ತಮ್ಮನ ಕೈಯಿಂದ ಕ್ಯಾಮೆರಾ ತೆಗೆದುಕೊಂಡಳು. ನನ್ನನ್ನು ತಿರುಗಿಸಿ ಬಿಚ್ಚಿ ಅಂಗೈಯಲ್ಲಿ ಹಿಡಿದಳು. ಅವಳ ಕೈ ಕಾದಿತ್ತು.

"ಖರೇ ಸೆಟ್ಟಿಂಗ್ ಬೇಕೇನ್ರಿ? ಬರಕೋರಿ. ಈಕಿ ಮಗಳ ಹೆಸರ ಗಂಗವ್ವ. ತೀರಿಕೊಂಡಾಳ. ಆಕಿ ಕುಬಸದ ಸೀರಿ ಅದು. ಕತ್ತರಸಬೇಕೋ ಬ್ಯಾಡೋ ಅಂತ ಈ ಹಡದಾಕಿ ಕತ್ತರಿ ಹಿಡಕೊಂಡ ಕುಂತಿದ್ಲು. ಇಷ್ಟ ದಿನ ಈ ಫೋಟೋ ನೋಡೀರಿ, ಆ ಕತ್ತರಿ ಯಾಕ ಅಂತ ನಿಮ್ಮಾಗ ಒಬ್ಬರರ ಕೇಳೀರೇನು? ಲೆನ್ಸ್ ಯಾವದಂತ, ಲೆನ್ಸ್!"

ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು, ಅಜ್ಜಿಯ ಕೈ ಹಿಡಿದು, ನಡುವಿನ ದಾರಿಯಲ್ಲಿ ನಡೆದು ಹೊರಗೆ ಹೋದಳು. ಬಾಗಿಲ ಹತ್ತಿರ ಗೋಡೆಯ ಮೇಲೆ ಆ ದೊಡ್ಡ ಫೋಟೋ ಇತ್ತು. ಅಜ್ಜಿ ಅದನ್ನು ನೋಡಿ ನಿಂತಳು. "ಯವ್ವಾ, ನನ್ನ ಗಂಗಿ ಹಂಗ ಕಾಣಾಕತ್ತೀನಲ್ಲ," ಎಂದಳು.

ಗದಗಿಗೆ ಮರಳುವಾಗ ಗಾಡಿಯಲ್ಲಿ, ಅಣ್ಣಿಗೇರಿ ದಾಟಿದ ಮೇಲೆ ಮಹಾಂತೇಶ, "ಮಂದ್ಯಾಗ ನನ್ನ ಮರ್ಯಾದಿ ತಗದ್ರಿ," ಎಂದ. "ನಿನ್ನ ಮರ್ಯಾದಿ ನಾವ್ಯಾಕ ತಗೀಲೋ, ನೀನ ಮೂಲ್ಯಾಗ ಬಿಳೀ ಅಕ್ಷರದಾಗ ಬರದಿಟ್ಟಿದ್ದಿ," ಎಂದಳು ನೀಲಾ. "ಸುಮ್ಮನ ಕುಂದರ್ರಿ ಇಬ್ರೂ," ಎಂದು ಅಜ್ಜಿ ಗದರಿದಳು.

ಆಮೇಲೆ ಅಕ್ಕ ತಮ್ಮನ ನಡುವೆ ಮಾತು ಕಡಿಮೆಯಾಯಿತು. ಸ್ಟುಡಿಯೋ ನಡೆಯಿತು, ಊಟ ನಡೆಯಿತು, ಅಡುಗೆಮನೆಯ ಕಡೆಗೆ ಕೂಗುವುದು ನಿಂತಿತು. 'ಮಹಾಂತೇಶ್ ಕ್ಲಿಕ್ಸ್'ನಿಂದ ಆ ಫೋಟೋ ಒಂದು ದಿನ ಸದ್ದಿಲ್ಲದೆ ಮಾಯವಾಯಿತು. ತಪ್ಪಾಯಿತು ಎಂದು ಅವನು ಹೇಳಲಿಲ್ಲ. ಹೇಳದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ನೀಲಾ ತನ್ನ ಹೆಸರಿನಲ್ಲಿ ಒಂದು ಪೇಜು ಮಾಡಿಕೊಂಡಳು. ಮೊದಲು ಹಾಕಿದ್ದು ಅದೇ ಫೋಟೋ. ಮೂಲೆಯಲ್ಲಿ ಏನೂ ಬರೆಯಲಿಲ್ಲ. ಕೆಳಗೆ ಬರೆದಳು: 'ಫಕೀರವ್ವ, ಬೆಟಗೇರಿ. ತೀರಿಹೋದ ಮಗಳು ಗಂಗವ್ವನ ಸೀರೆ ಕತ್ತರಿಸುವ ಮೊದಲು. ಫೋಟೋ ತೆಗೆದವಳು ನೀಲಾಂಬಿಕಾ.' ಅಂಕಿ ಇಲ್ಲ, ಲೆನ್ಸಿಲ್ಲ. 'ಬೆಳಕು ಬಳಗ'ಕ್ಕೂ ಹಾಗೇ ಹಾಕಿದಳು. ಸೆಟ್ಟಿಂಗ್ ಬರೆದಿಲ್ಲ, ನಿಯಮ ಉಲ್ಲಂಘನೆ ಎಂದು ಸಂಜೆಯೊಳಗೆ ತೆಗೆದುಹಾಕಿದರು. ಅದೇ ಫೋಟೋವನ್ನು ಗೋಡೆಗೆ ತೂಗುಹಾಕಿ ಅತ್ಯುತ್ತಮ ಎಂದವರು! ನೀಲಾ ಮತ್ತೆ ಆ ಕಡೆ ಹೋಗಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಬೂಸ್ಟು ಮತ್ತೆ ಅಂಚಿನಿಂದ ಒಳಗೆ ಬರುತ್ತಿದೆ. ಎಸಳುಗಳಿಗೆ ಎಣ್ಣೆ ಹತ್ತಿದೆ. ಬಳೆ ಸಡಿಲವಾಗಿ 'ಕಟ್' ಎನ್ನುವ ಸದ್ದು ಹಲ್ಲಿಲ್ಲದವರ ಮಾತಿನಂತಾಗಿದೆ. ನೀಲಾಳಿಗೆ ಮಾತ್ರ ಇನ್ನೂ ಅರ್ಥವಾಗುತ್ತದೆ. ಫಕೀರವ್ವ ನನಗೆಂದೇ ಒಂದು ಸಣ್ಣ ಕೌದಿಯ ಚೀಲ ಹೊಲಿದು ಕೊಟ್ಟಿದ್ದಾಳೆ. ಅದರ ಬಾಯಿಗೆ ಹಸಿರು ಸೀರೆಯ ಒಂದು ಪಟ್ಟಿ ಇದೆ. ಹೆಚ್ಚಿನ ಹೊತ್ತು ಅದರೊಳಗೆ, ಅಡುಗೆಮನೆಯ ಕಿಟಕಿಯ ಹತ್ತಿರದ ಗೂಡಿನಲ್ಲಿ ಇರುತ್ತೇನೆ. ನನ್ನ ಫೋಟೋಗಳಲ್ಲಿ ಈಗಲೂ ಲೆನ್ಸಿನ ಜಾಗದಲ್ಲಿ ಸೊನ್ನೆಯೇ ಬರುತ್ತದೆ. ಬರಲಿ. ಅದಕ್ಕೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ.

ಮೊನ್ನೆ ನೀಲಾ ರೊಟ್ಟಿಯ ಕೆಲಸ ಮುಗಿಸಿ, ನನ್ನ ಪಕ್ಕದಲ್ಲಿ ಫೋನು ಹಿಡಿದು ಕೂತಿದ್ದಳು. ಅಜ್ಜಿಯ ಫೋಟೋದ ಕೆಳಗೆ ಹೊಸದೊಂದು ಕಮೆಂಟು ಬಂದಿತ್ತು. ಬರೆದವನು ಮಹಾಂತೇಶ. ಗೋಡೆಯ ಆಚೆ, ಗಲ್ಲಾದಲ್ಲೇ ಕೂತಿದ್ದ. ಕೂಗಿದ್ದರೆ ಕೇಳಿಸುತ್ತಿತ್ತು. ಆದರೆ ಎಲ್ಲರೂ ಓದುವ ಜಾಗದಲ್ಲಿ, ಅವಳ ಹೆಸರಿನ ಕೆಳಗೆ ಬರೆದಿದ್ದ: "ಲೆನ್ಸ್ ಯಾವುದು ಅಕ್ಕಾ?"

ಆ ಪ್ರಶ್ನೆಗೆ ನನಗೆ ಉರಿಯಬೇಕಿತ್ತು. ಯಾಕೋ ಉರಿಯಲಿಲ್ಲ.

ನೀಲಾ "ಅಪ್ಪಂದು" ಎಂದು ಬರೆದಳು. ಕಳಿಸಲಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಅಳಿಸಿದಳು. ಚೀಲದ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಿಂದ ಬರೆದಳು:

"ನಂದು."